ಅಣ್ಣನ ಲಾಭ, ತಂಗಿಯ ಸಂಬಳ: ಬಂಡವಾಳ ಲಾಭ ತೆರಿಗೆಯನ್ನು ಜನರ ಮುಂದಿಡುವುದು ಹೇಗೆ?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ನಾನಿರುವ ದೇಶದಲ್ಲಿ ಆಸ್ತಿ ಅಥವಾ ಷೇರು ಮಾರಿ ಬಂದ ಲಾಭಕ್ಕೆ ತೆರಿಗೆ ಇಲ್ಲ. ಮುಂದಿನ ಚುನಾವಣೆಗೆ ಮೊದಲು ಇದರ ಬಗ್ಗೆ ಒಂದು ಪ್ರಸ್ತಾವವನ್ನು ಮತದಾರರ ಮುಂದಿಡಬೇಕು ಅಂತ ನಮ್ಮ ಸಣ್ಣ ಗುಂಪು ಓಡಾಡುತ್ತಿದೆ. ನನ್ನ ಸಂಬಳದಲ್ಲಿ ಪ್ರತಿ ತಿಂಗಳೂ ತೆರಿಗೆ ಹಿಡಿದುಕೊಂಡೇ ಕೊಡುತ್ತಾರೆ. ನನ್ನ ಅಣ್ಣ ಎರಡು ಮನೆ ಕೊಂಡು, ಹತ್ತು ವರ್ಷ ಇಟ್ಟುಕೊಂಡು ಮಾರಿದ. ನಾನು ಹತ್ತು ವರ್ಷ ಪಾಠ ಮಾಡಿ ಗಳಿಸಿದ್ದಕ್ಕಿಂತ ಜಾಸ್ತಿ ಬಂತು. ಚಿಕ್ಕಾಸೂ ತೆರಿಗೆ ಕಟ್ಟಲಿಲ್ಲ. ಇದು ಸರಿಯಲ್ಲ ಅನ್ನಿಸುತ್ತದೆ. ಆದರೆ ಸಭೆಗಳಲ್ಲಿ ಬಾಯಿ ತೆರೆದರೆ ಸಾಕು, ಜನ ಮುಗಿಬೀಳುತ್ತಾರೆ. "ನಮ್ಮ ಮನೆಗೂ ತೆರಿಗೆ ಹಾಕ್ತೀರಾ?", "ಬೆಲೆ ಏರಿಕೆಗೂ ತೆರಿಗೆನಾ?", "ಒಂದೇ ದುಡ್ಡಿಗೆ ಎರಡು ಸಲ ತೆರಿಗೆನಾ?" ಅಂತಾರೆ. ಅಣ್ಣನಂತೂ ಮಾತೇ ಬಿಟ್ಟಿದ್ದಾನೆ. ನ್ಯಾಯವಾದ ತೆರಿಗೆ ಹೇಗಿರಬೇಕು? ಜನರಿಗೆ ಹೇಗೆ ಹೇಳಬೇಕು?

ಉತ್ತರ: ನಿಮ್ಮ ಅಣ್ಣನಿಂದಲೇ ಶುರು ಮಾಡುತ್ತೇನೆ. ಅವರು ತಪ್ಪು ಮಾಡಿಲ್ಲ. ಕಾನೂನು ಕೇಳದ ತೆರಿಗೆಯನ್ನು ಅವರು ಕಟ್ಟಿಲ್ಲ, ಅಷ್ಟೇ. ಇದನ್ನು ಮೊದಲು ಹೇಳಲು ಕಾರಣವಿದೆ. ನೀವು ಸಭೆಯಲ್ಲಿ ಅಣ್ಣನ ಥರದವರ ಉದಾಹರಣೆ ಕೊಡುವಾಗ ದನಿಯಲ್ಲಿ ಸ್ವಲ್ಪ ಸಿಟ್ಟಿದ್ದರೂ, ಎದುರಿಗೆ ಕೂತವರಿಗೆ ತಮ್ಮನ್ನೇ ಕಳ್ಳರು ಅಂದಂತೆ ಕೇಳಿಸುತ್ತದೆ. ಅವರಲ್ಲಿ ಎಷ್ಟೋ ಜನ ಒಂದು ತುಂಡು ಜಾಗವನ್ನೋ ನಾಲ್ಕು ಷೇರನ್ನೋ ಮಕ್ಕಳಿಗಾಗಿ ಇಟ್ಟುಕೊಂಡಿರುತ್ತಾರೆ. ಆಮೇಲೆ ನೀವು ಏನು ವಿವರಿಸಿದರೂ ಅವರ ಕಿವಿಗೆ ಹೋಗುವುದಿಲ್ಲ.

ನಿಮ್ಮ ಮೂಲ ಪ್ರಶ್ನೆ ತುಂಬಾ ಹಳೆಯದು, ಗಟ್ಟಿಯಾದದ್ದು. ದುಡಿದು ಬಂದ ಆದಾಯಕ್ಕೆ ತೆರಿಗೆ ಇದೆ, ಇಟ್ಟುಕೊಂಡು ಬಂದ ಆದಾಯಕ್ಕೆ ಯಾಕಿಲ್ಲ? ಕೆನಡಾದಲ್ಲಿ ಕಾರ್ಟರ್ ಆಯೋಗ 1966ರಲ್ಲಿ ಕೊಟ್ಟ ವರದಿ ಇದನ್ನೇ ಹೇಳಿತು: ದುಡ್ಡು ಯಾವ ದಾರಿಯಿಂದ ಬಂದರೂ ದುಡ್ಡೇ, ತೆರಿಗೆಯೂ ಒಂದೇ ಥರ ಇರಲಿ. ಅದು ಕಾನೂನಾಗುವ ಹೊತ್ತಿಗೆ 1972 ಆಗಿತ್ತು, ಲಾಭದಲ್ಲಿ ಅರ್ಧಕ್ಕೆ ಮಾತ್ರ ತೆರಿಗೆ ಅಂತಾಗಿತ್ತು. ತತ್ವಕ್ಕೆ ತಲೆಯಾಡಿಸಿದ ಜನ ವಿವರದ ಹತ್ತಿರ ಬಂದಾಗ ಹಿಂದೆ ಸರಿಯುತ್ತಾರೆ. ಬಹಳ ದೇಶಗಳಲ್ಲಿ ಹೀಗೇ ಆಗಿದೆ. ಹಾಗಾಗಿ ವಿವರಕ್ಕೇ ಬರೋಣ.

ಜನ ಹೇಳುವ ಮಾತುಗಳಲ್ಲಿ ಕೆಲವು ತಪ್ಪು, ಕೆಲವು ಅರ್ಧ ಸರಿ, ಒಂದು ಪೂರ್ತಿ ಸರಿ. ಇವನ್ನೆಲ್ಲ ಒಂದೇ ಮೂಟೆಗೆ ಕಟ್ಟಿ "ತಪ್ಪು ತಿಳುವಳಿಕೆ" ಅನ್ನಬೇಡಿ.

"ಮನೆಯ ಬೆಲೆಗೆ ತೆರಿಗೆ" ಅನ್ನುವುದು ತಪ್ಪು. ಈ ತೆರಿಗೆ ಬೆಲೆಗಲ್ಲ, ಲಾಭಕ್ಕೆ. ಅದೂ ಮಾರಿದಾಗ ಮಾತ್ರ. ಕೊಂಡ ಬೆಲೆ, ನೋಂದಣಿ ಖರ್ಚು, ಕಟ್ಟಿಸಿದ್ದು, ಮಾರುವಾಗ ದಲ್ಲಾಳಿಗೆ ಕೊಟ್ಟದ್ದು ಎಲ್ಲ ಕಳೆದು ಉಳಿದದ್ದು ಲಾಭ. ಮಾರದೆ ಸುಮ್ನೆ ಇಟ್ಟುಕೊಂಡವರಿಗೆ ಬೆಲೆ ಎಷ್ಟು ಏರಿದರೂ ಏನೂ ಇಲ್ಲ.

"ಒಂದೇ ದುಡ್ಡಿಗೆ ಎರಡು ಸಲ" ಅನ್ನುವುದು ಮನೆ, ಜಾಗದ ಮಟ್ಟಿಗೆ ತಪ್ಪು. ತೆರಿಗೆ ಕಟ್ಟಿ ಉಳಿಸಿದ ಹಣ ಅಸಲು. ಅಸಲಿಗೆ ಯಾರೂ ಕೈ ಹಾಕುವುದಿಲ್ಲ. ಮೇಲೆ ಬಂದದ್ದು ಹೊಸ ದುಡ್ಡು. ಷೇರಿನ ಮಟ್ಟಿಗೆ ಮಾತ್ರ ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಕಂಪನಿ ತನ್ನ ಲಾಭಕ್ಕೆ ತೆರಿಗೆ ಕಟ್ಟಿ ಉಳಿಸಿಕೊಂಡ ಹಣದಿಂದಲೂ ಷೇರಿನ ಬೆಲೆ ಏರುತ್ತದೆ. ಅಲ್ಲಿ ದರ ಸ್ವಲ್ಪ ಕಡಿಮೆ ಇಡಬೇಕು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತೇ.

ನಿಮ್ಮ ಕಡೆಯವರೇ ಹೇಳುವ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು: "ಈ ತೆರಿಗೆ ಬಂದರೆ ಮನೆ ಬೆಲೆ ಇಳಿಯುತ್ತದೆ." ದಯವಿಟ್ಟು ಈ ಭರವಸೆ ಕೊಡಬೇಡಿ. ಆಸ್ಟ್ರೇಲಿಯಾದಲ್ಲಿ 1985ರಲ್ಲೇ ಈ ತೆರಿಗೆ ಬಂತು, ಆಮೇಲಿನ ದಶಕಗಳಲ್ಲಿ ಮನೆ ಬೆಲೆ ವಿಪರೀತ ಏರಿತು. ಬೆಲೆ ನಿಂತಿರುವುದು ಸಾಲದ ಬಡ್ಡಿ, ಜಾಗದ ಕೊರತೆ, ಎಷ್ಟು ಮನೆ ಕಟ್ಟುತ್ತಾರೆ ಅನ್ನುವುದರ ಮೇಲೆ. ತೆರಿಗೆಯ ಪಾತ್ರ ಇದ್ದರೂ ಸಣ್ಣದು.

ಇನ್ನು ಪೂರ್ತಿ ಸರಿಯಿರುವ ಮಾತು, ಬೆಲೆ ಏರಿಕೆಯದ್ದು. ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡುತ್ತೇನೆ, ಯಾಕೆಂದರೆ ನ್ಯಾಯ ಅನ್ನುವುದು ಇಲ್ಲೇ ಸೋರಿಹೋಗುತ್ತದೆ.

ಮೂವರನ್ನು ತೆಗೆದುಕೊಳ್ಳಿ. ಮೂವರೂ ಒಂದೇ ದಿನ 100ಕ್ಕೆ ಆಸ್ತಿ ಕೊಂಡರು. ಹದಿನೈದು ವರ್ಷ ಇಟ್ಟುಕೊಂಡರು. ಅಷ್ಟರಲ್ಲಿ ಪೇಟೆಯಲ್ಲಿ ಎಲ್ಲದರ ಬೆಲೆಯೂ ಎರಡರಷ್ಟಾಯಿತು. ಅಂದರೆ ಅವತ್ತಿನ 100 ಇವತ್ತಿನ 200ಕ್ಕೆ ಸಮ. ಮೊದಲನೆಯವರು 180ಕ್ಕೆ ಮಾರಿದರು, ಎರಡನೆಯವರು 250ಕ್ಕೆ, ಮೂರನೆಯವರು 600ಕ್ಕೆ. ದರ ಶೇ. 20 ಅಂದುಕೊಳ್ಳಿ.

ಹಣದುಬ್ಬರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಮೊದಲನೆಯವರ ಲಾಭ ಕಾಗದದ ಮೇಲೆ 80, ತೆರಿಗೆ 16. ನಿಜದಲ್ಲಿ ಅವರಿಗೆ 20 ನಷ್ಟ. ನಷ್ಟ ಮಾಡಿಕೊಂಡು ತೆರಿಗೆಯನ್ನೂ ಕಟ್ಟಿದಂತಾಯಿತು. ಎರಡನೆಯವರಿಗೆ ನಿಜವಾಗಿ ಸಿಕ್ಕಿದ್ದು 50, ತೆರಿಗೆ 30. ನಿಜ ಲಾಭದಲ್ಲಿ ಶೇ. 60 ಹೋಯಿತು. ಮೂರನೆಯವರ ನಿಜ ಲಾಭ 400, ತೆರಿಗೆ 100. ಅವರಿಗೆ ಹೋದದ್ದು ಶೇ. 25 ಮಾತ್ರ. ಕಡಿಮೆ ಗಳಿಸಿದವರಿಗೇ ಪೆಟ್ಟು ಜೋರು.

ಇದಕ್ಕೆ ಎರಡು ಮದ್ದು ಚಾಲ್ತಿಯಲ್ಲಿವೆ. ಒಂದು, ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವುದು, ಅಂದರೆ ಇಂಡೆಕ್ಸೇಶನ್. ಇನ್ನೊಂದು, ಲೆಕ್ಕದ ತಲೆನೋವು ಬೇಡ ಅಂತ ಲಾಭದಲ್ಲಿ ಅರ್ಧ ಬಿಟ್ಟುಬಿಡುವುದು. ಅರ್ಧ ಬಿಡುವುದು ಸರಳ, ಕೇಳಲೂ ಚೆನ್ನ. ಆದರೆ ಮೇಲಿನ ಮೂವರಿಗೆ ಹಾಕಿ ನೋಡಿ. ನಷ್ಟವಾದವರು ಈಗಲೂ 8 ಕಟ್ಟುತ್ತಾರೆ. ಎರಡನೆಯವರು 15 ಕಟ್ಟುತ್ತಾರೆ, ನಿಜ ಲಾಭದ ಶೇ. 30. ಮೂರನೆಯವರು 50 ಕಟ್ಟುತ್ತಾರೆ, ಶೇ. 12.5. ಇಂಡೆಕ್ಸೇಶನ್‌ನಲ್ಲಿ ಮೊದಲನೆಯವರಿಗೆ ಸೊನ್ನೆ, ಎರಡನೆಯವರಿಗೆ 10, ಮೂರನೆಯವರಿಗೆ 80. ಅಂದರೆ ಲಾಭ ಬಂದ ಇಬ್ಬರೂ ನಿಜ ಲಾಭದ ಮೇಲೆ ಸಮವಾಗಿ ಶೇ. 20 ಕಟ್ಟುತ್ತಾರೆ. "ಎಲ್ಲರಿಗೂ ಅರ್ಧ ಮಾಫಿ" ಅನ್ನುವ ಮಾತಿನಲ್ಲಿ ಯಾರಿಗೆ ಜಾಸ್ತಿ ಸಿಗುತ್ತದೆ ಅನ್ನುವುದು ಈಗ ಕಾಣಿಸಿತು ಅಲ್ವಾ?

ಆಸ್ಟ್ರೇಲಿಯಾ 1985ರಲ್ಲಿ ಇಂಡೆಕ್ಸೇಶನ್‌ನಿಂದ ಶುರು ಮಾಡಿ 1999ರಲ್ಲಿ ಅರ್ಧ ಬಿಡುವ ಪದ್ಧತಿಗೆ ಬಂತು. ಭಾರತದಲ್ಲಿ 2024ರ ಜುಲೈ 23ರ ಬಜೆಟ್ ಇಂಡೆಕ್ಸೇಶನ್ ತೆಗೆದು ದರವನ್ನು ಶೇ. 20ರಿಂದ 12.5ಕ್ಕೆ ಇಳಿಸಿತು. ದರ ಇಳಿದರೂ ಹಳೇ ಮನೆಗಳವರು ಗಾಬರಿಯಾದರು. ಬೆಲೆ ನಿಧಾನಕ್ಕೆ ಏರಿದ ಕಡೆ ಹೊಸ ಲೆಕ್ಕವೇ ಭಾರವಾಗಿತ್ತು. ಆಗಸ್ಟ್‌ನಲ್ಲೇ ತಿದ್ದುಪಡಿ ಬಂತು: ಆ ದಿನಕ್ಕಿಂತ ಮೊದಲು ಕೊಂಡ ಜಾಗ ಮತ್ತು ಕಟ್ಟಡಕ್ಕೆ ದೇಶದಲ್ಲಿರುವ ವ್ಯಕ್ತಿಗಳು ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು ಅಂತ. ಜನ ದರವನ್ನಷ್ಟೇ ನೋಡುವುದಿಲ್ಲ, ತಮ್ಮ ಲೆಕ್ಕವನ್ನು ತಾವೇ ಹಾಕಿ ನೋಡುತ್ತಾರೆ.

ನನ್ನ ಆಯ್ಕೆ ಇಂಡೆಕ್ಸೇಶನ್. ಅದಕ್ಕೂ ಒಂದು ತೂತಿದೆ. ಸಾಲ ಮಾಡಿ ಕೊಂಡವರು ಬಡ್ಡಿಯನ್ನು ಪೂರ್ತಿ ಖರ್ಚು ತೋರಿಸಿ, ಮಾರುವಾಗ ಇಂಡೆಕ್ಸೇಶನ್ ಲಾಭವನ್ನೂ ಪಡೆದರೆ ಎರಡು ಕಡೆಯಿಂದ ಉಣ್ಣುತ್ತಾರೆ. ಬಡ್ಡಿಗೆ ಮಿತಿ ಹಾಕದೆ ಇದನ್ನು ತರಬೇಡಿ.

ಮುಂದಿನ ವಿಷಯ ದರ. ಸಂಬಳದ ತೆರಿಗೆಗೂ ಇದಕ್ಕೂ ಅಂತರ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದನ್ನು ನನ್ನ ಮೇಜಿನ ಎದುರಿಗೇ ಎಷ್ಟೋ ಸಲ ನೋಡಿದ್ದೇನೆ. ತೆರಿಗೆ ಸಲಹೆ ಕೊಡುವುದು ನನ್ನ ಕೆಲಸ. ಸ್ವಂತ ಕಂಪನಿ ಇಟ್ಟುಕೊಂಡವರು ಬಂದು ಕೂತು ಮೊದಲು ಕೇಳುವುದೇ, "ಸಂಬಳ ಕಡಿಮೆ ತೆಗೆದುಕೊಂಡು ಉಳಿದದ್ದನ್ನು ಕಂಪನಿಯಲ್ಲೇ ಬಿಟ್ಟು, ಕೊನೆಗೆ ಷೇರು ಮಾರಿದರೆ ಆಗುತ್ತಾ?" ಅಂತ. ಆಗುತ್ತದೆ. ದುಡಿಮೆ ಅದೇ, ಹೆಸರು ಮಾತ್ರ ಬೇರೆ. ಶಿಕ್ಷಕಿಗೆ ಈ ದಾರಿ ಇಲ್ಲ. ಇದನ್ನು ತಡೆಯುವುದಕ್ಕೂ ಅಮೆರಿಕ 1986ರ ಸುಧಾರಣೆಯಲ್ಲಿ, ಬ್ರಿಟನ್ 1988ರಲ್ಲಿ ಎರಡೂ ದರಗಳನ್ನು ಒಂದೇ ಮಾಡಿದವು. ಎರಡೂ ಕಡೆ ಅದು ಉಳಿಯಲಿಲ್ಲ.

ಉಳಿಯದಿರಲು ಒಂದು ನಿಜವಾದ ಕಾರಣವೂ ಇತ್ತು. ಮಾರಿದಾಗ ಮಾತ್ರ ತೆರಿಗೆ ಅಂದರೆ ಜನ ಮಾರುವುದನ್ನೇ ಮುಂದೂಡುತ್ತಾರೆ. 100ಕ್ಕೆ ಕೊಂಡದ್ದು 400 ಆಗಿದೆ ಅನ್ನಿ. ಮಾರಿದರೆ 60 ತೆರಿಗೆ, ಕೈಗೆ 340. ಇಟ್ಟುಕೊಂಡರೆ 400ರ ಮೇಲೆ ವರ್ಷಕ್ಕೆ ಶೇ. 5ರಂತೆ 20 ಬರುತ್ತದೆ. ಅದೇ 20 ಬರಬೇಕಾದರೆ 340ರ ಮೇಲೆ ಹತ್ತಿರ ಹತ್ತಿರ ಶೇ. 5.9 ಬರಬೇಕು. ಹಾಗಾಗಿ ಇನ್ನೊಬ್ಬರ ಕೈಯಲ್ಲಿ ಚೆನ್ನಾಗಿ ಬಳಕೆಯಾಗಬಹುದಾದ ಆಸ್ತಿ ಹಳೇ ಕೈಯಲ್ಲೇ ಕೂರುತ್ತದೆ. ದರ ಏರಿಸಿದಷ್ಟೂ ಇದು ಜಾಸ್ತಿ. ಏರಿಕೆ ಬರುತ್ತದೆ ಅಂತ ಮೊದಲೇ ಗೊತ್ತಾದರೆ ಉಲ್ಟಾ ಆಗುತ್ತದೆ. ಅಮೆರಿಕದಲ್ಲಿ 1987ರಿಂದ ದರ ಏರುತ್ತದೆ ಅಂತ ತಿಳಿದ ಜನ 1986ರಲ್ಲೇ ಮಾರಿದರು. ಆ ವರ್ಷ ಮಾರಾಟದ ಲಾಭ ಹಿಂದಿನ ವರ್ಷದ ಎರಡರಷ್ಟರ ಹತ್ತಿರ ಹೋಯಿತು, ಮರುವರ್ಷ ಕುಸಿಯಿತು. ಆದ್ದರಿಂದ ಸಂಬಳದ ದರಕ್ಕಿಂತ ಸ್ವಲ್ಪ ಕೆಳಗೆ, ತೀರಾ ಕೆಳಗಲ್ಲದ, ಒಂದೇ ದರ ನನಗೆ ಸರಿ ಕಾಣುತ್ತದೆ. ಒಂದೇ ದರ ಇದ್ದರೆ ಇನ್ನೊಂದು ಉಪಕಾರವಿದೆ. ಮೂವತ್ತು ವರ್ಷ ನಡೆಸಿದ ಅಂಗಡಿಯನ್ನು ಒಬ್ಬರು ವಯಸ್ಸಾದ ಮೇಲೆ ಮಾರಿದರೆ, ಆ ಒಂದು ವರ್ಷಕ್ಕೆ ಕಾಗದದಲ್ಲಿ ಭಾರೀ ಶ್ರೀಮಂತರಾಗಿ ಕಾಣುತ್ತಾರೆ. ಏರುವ ದರಗಳಿದ್ದರೆ ಅವರು ತುದಿಯ ದರಕ್ಕೆ ಸಿಕ್ಕಿಬೀಳುತ್ತಾರೆ.

ನಷ್ಟದ ಬಗ್ಗೆ ಒಂದೇ ಮಾತು. ಲಾಭದಲ್ಲಿ ಪಾಲು ಕೇಳುವ ಸರ್ಕಾರ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಅದನ್ನು ಮುಂದಿನ ವರ್ಷಗಳ ಇಂಥದೇ ಲಾಭದಿಂದ ಕಳೆಯಲು ಮಾತ್ರ ಬಿಡಬೇಕು, ಸಂಬಳದಿಂದಲ್ಲ.

ವಾಸದ ಮನೆಯನ್ನು ಬಿಡಲೇಬೇಕು. ಇದು ಬರೀ ರಾಜಕೀಯದ ಮಾತಲ್ಲ. ಊರು ಬದಲಿಸುವವರು ಒಂದು ಮನೆ ಮಾರಿ ಅದೇ ಬೆಲೆಯ ಇನ್ನೊಂದು ಕೊಳ್ಳಬೇಕು. ನಡುವೆ ತೆರಿಗೆ ಕಿತ್ತುಕೊಂಡರೆ ಅವರು ಸಣ್ಣ ಮನೆಗೆ ಇಳಿಯಬೇಕಾಗುತ್ತದೆ. ಆದರೆ ಮಿತಿಯಿಲ್ಲದೆ ಬಿಟ್ಟರೆ ಇದ್ದ ದುಡ್ಡೆಲ್ಲ ಒಂದು ದೊಡ್ಡ ಬಂಗಲೆಗೆ ಹೋಗಿ ಕೂರುತ್ತದೆ. ಅಮೆರಿಕ ಒಬ್ಬರಿಗೆ 2,50,000 ಡಾಲರ್, ದಂಪತಿಗೆ 5,00,000 ಡಾಲರ್ ಲಾಭದವರೆಗೆ ಬಿಡುತ್ತದೆ. ಆಸ್ಟ್ರೇಲಿಯಾ ಮನೆಗೆ ಸೇರಿದ ಜಾಗಕ್ಕೆ 2 ಹೆಕ್ಟೇರ್ ಮಿತಿ ಇಟ್ಟಿತು. ಲಾಭಕ್ಕೆ ಒಂದು ಎತ್ತರದ ಮಿತಿ, ಅದು ಪ್ರತಿ ವರ್ಷ ಹಣದುಬ್ಬರದ ಜೊತೆ ತಾನಾಗಿ ಏರುವಂತಿರಲಿ ಅನ್ನುವುದು ನನ್ನ ಸಲಹೆ. ಅಮೆರಿಕದ ಮಿತಿ 1997ರಿಂದ ಏರಿಯೇ ಇಲ್ಲ. ಅವತ್ತು ತೀರಾ ಕಡಿಮೆ ಜನರಿಗೆ ತಾಗುತ್ತಿದ್ದದ್ದು ಈಗ ಸಾಮಾನ್ಯ ಮನೆಗಳಿಗೂ ತಾಗುತ್ತಿದೆ.

ಸಾವಿನ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು, ಸಭೆಗಳಲ್ಲಿ ಎಲ್ಲರೂ ಜಾರಿಕೊಳ್ಳುವುದೂ ಇದರಿಂದಲೇ. ಮೂರು ದಾರಿಗಳಿವೆ. ಅಮೆರಿಕ ಮತ್ತು ಬ್ರಿಟನ್‌ನಲ್ಲಿ ಸತ್ತ ದಿನದ ಬೆಲೆಯೇ ವಾರಸುದಾರರ ಕೊಂಡ ಬೆಲೆ ಆಗುತ್ತದೆ. ಅಲ್ಲಿಯವರೆಗಿನ ಲಾಭ ಈ ತೆರಿಗೆಯ ಕೈಗೆ ಸಿಗುವುದೇ ಇಲ್ಲ. ದೊಡ್ಡ ಆಸ್ತಿಯವರು ಸಾಯುವ ತನಕ ಮಾರದಿರಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಕೆನಡಾದಲ್ಲಿ ಸತ್ತ ದಿನವೇ ಮಾರಿದಂತೆ ಲೆಕ್ಕ ಹಾಕುತ್ತಾರೆ, ಗಂಡ ಅಥವಾ ಹೆಂಡತಿಗೆ ಹೋದರೆ ಮುಂದೂಡುತ್ತಾರೆ. ಭಾರತದಲ್ಲಿ ವಾರಸುದಾರರಿಗೆ ಬಂದಾಗ ತೆರಿಗೆ ಇಲ್ಲ. ಆದರೆ ಅಪ್ಪ ಕೊಂಡ ಬೆಲೆಯೇ ಮಗಳಿಗೂ ಮುಂದುವರಿಯುತ್ತದೆ, ಅವಳು ಮಾರಿದಾಗ ಎಲ್ಲ ಒಟ್ಟಿಗೆ ಲೆಕ್ಕ. ಮೂರರಲ್ಲಿ ಈ ಕೊನೆಯದು ನನಗೆ ಮೆಚ್ಚುಗೆ. ದುಃಖದ ಮನೆಗೆ ತೆರಿಗೆಯ ಚೀಟಿ ಹೋಗುವುದಿಲ್ಲ, ಲಾಭ ಮಾಯವೂ ಆಗುವುದಿಲ್ಲ. ತಲೆಮಾರುಗಟ್ಟಲೆ ಮಾರದೆ ಕೂರುವವರ ತೊಂದರೆ ಇದರಲ್ಲಿ ಉಳಿಯುತ್ತದೆ ಅನ್ನುವುದು ನಿಜ. ಜಮೀನು, ಸಣ್ಣ ವ್ಯಾಪಾರ ಮುಂದುವರಿಸುವ ಮಕ್ಕಳಿಗೂ ಇದೇ ನಿಯಮ ಸಾಕು. ಅವರಿಗೆ ಅಂತ ಪೂರ್ತಿ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ದಾಖಲೆಯಲ್ಲಿ ರೈತರಾಗುತ್ತಾರೆ.

ಎಷ್ಟು ವರ್ಷ ಇಟ್ಟುಕೊಂಡರು ಅನ್ನುವುದರ ಮೇಲೆ ಗೆರೆ ಎಳೆಯುವ ಆಸೆ ನಿಮ್ಮ ಗುಂಪಿಗೂ ಬರಬಹುದು. ನ್ಯೂಜಿಲೆಂಡ್ ಮನೆಗಳ ವಿಷಯದಲ್ಲಿ ಹಾಗೆ ಮಾಡಿತು. 2015ರಲ್ಲಿ ಎರಡು ವರ್ಷದೊಳಗೆ ಮಾರಿದರೆ ತೆರಿಗೆ ಅಂತ ಆಯಿತು. 2018ರಲ್ಲಿ ಐದು ವರ್ಷ, 2021ರಲ್ಲಿ ಹತ್ತು ವರ್ಷ, 2024ರಲ್ಲಿ ಮತ್ತೆ ಎರಡು. ಸರ್ಕಾರ ಬದಲಾದಂತೆ ಗೆರೆಯೂ ಸರಿಯಿತು. ಗೆರೆಯ ಈಚೆ ಒಂದು ದಿನ ಮೊದಲು ಮಾರಿದವರಿಗೆ ತೆರಿಗೆ, ಆಚೆ ಒಂದು ದಿನ ಕಾದವರಿಗೆ ಸೊನ್ನೆ. ಇದನ್ನು ನ್ಯಾಯ ಅಂತ ಯಾರಿಗೆ ವಿವರಿಸುತ್ತೀರಿ?

ಶುರುವಿನ ದಿನ ಇನ್ನೂ ಮುಖ್ಯ. ಹಿಂದಿನ ಲಾಭಕ್ಕೆ ಕೈ ಹಾಕಬಾರದು. ಆಸ್ಟ್ರೇಲಿಯಾ 1985ರ ಸೆಪ್ಟೆಂಬರ್ 20ರಿಂದ ಕೊಂಡದ್ದಕ್ಕೆ ಮಾತ್ರ ಅಂದಿತು. ಹೇಳಲು ಸುಲಭ, ಆದರೆ ಹಳೇ ಆಸ್ತಿಯವರು ಅದನ್ನು ಕೈಬಿಡಲು ಮನಸ್ಸು ಮಾಡುವುದಿಲ್ಲ. ದಕ್ಷಿಣ ಆಫ್ರಿಕಾ 2001ರ ಅಕ್ಟೋಬರ್ 1ರ ಬೆಲೆಯನ್ನು ಹಿಡಿದು, ಅಲ್ಲಿಂದ ಮುಂದೆ ಏರಿದ್ದಕ್ಕೆ ಮಾತ್ರ ತೆರಿಗೆ ಅಂದಿತು. ಇದು ಜಾಸ್ತಿ ನ್ಯಾಯ. ತೊಂದರೆ ಅಂದರೆ ಆ ದಿನದ ಬೆಲೆ ಎಷ್ಟು ಅನ್ನುವುದು. ಪೇಟೆಯಲ್ಲಿ ದಿನವೂ ಮಾರಾಟವಾಗುವ ಷೇರಿಗೆ ಅದು ಗೊತ್ತಿರುತ್ತದೆ. ಭಾರತ 2018ರಲ್ಲಿ ಷೇರಿನ ಲಾಭಕ್ಕೆ ತೆರಿಗೆ ಮತ್ತೆ ತಂದಾಗ ಆ ಜನವರಿ 31ರ ಬೆಲೆಯನ್ನೇ ಆಧಾರವಾಗಿ ಇಟ್ಟುಕೊಂಡಿತು. ಮನೆ, ಜಾಗಕ್ಕೆ ಬೆಲೆ ಕಟ್ಟಿಸುವುದು ಬೇಡ ಅನ್ನುವವರಿಗೆ ವರ್ಷದ ಲೆಕ್ಕ ಕೊಡಿ: ಇಪ್ಪತ್ತು ವರ್ಷ ಇಟ್ಟುಕೊಂಡದ್ದರಲ್ಲಿ ಹದಿನೈದು ವರ್ಷ ಕಾನೂನಿಗೆ ಮೊದಲು ಕಳೆದಿದ್ದರೆ, ಲಾಭದ ಕಾಲು ಭಾಗಕ್ಕೆ ಮಾತ್ರ ತೆರಿಗೆ.

ಇದರ ಬೆಲೆ ಏನೆಂದರೆ, ಮೊದಲ ವರ್ಷಗಳಲ್ಲಿ ಖಜಾನೆಗೆ ಹೆಚ್ಚೇನೂ ಬರುವುದಿಲ್ಲ. "ಈ ತೆರಿಗೆಯ ಹಣದಲ್ಲಿ ಮುಂದಿನ ವರ್ಷ ಆಸ್ಪತ್ರೆ ಕಟ್ಟುತ್ತೇವೆ" ಅಂತ ಯಾರಾದರೂ ನಿಮ್ಮ ವೇದಿಕೆಯಲ್ಲಿ ಹೇಳಿದರೆ ಅಲ್ಲೇ ತಡೆಯಿರಿ.

ಇನ್ನು ಹೇಳುವ ಬಗೆ. ವರ್ಷಗಳ ಹಿಂದೆ ಇಂಥದೇ ಒಂದು ಸಭೆಗೆ ಲೆಕ್ಕದ ಪ್ರಶ್ನೆಗಳಿಗೆ ಸಹಾಯ ಮಾಡಲು ಹೋಗಿದ್ದೆ. ವಯಸ್ಸಾದ ಒಬ್ಬ ತಾಯಿ ಎದ್ದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಮಡಚಿ ಮಡಚಿ ಸವೆದ ಮನೆಪತ್ರ. "ನಾನು ಹೋದಮೇಲೆ ನನ್ನ ಮಗಳು ಇದೇ ಮನೇಲಿ ಇದ್ದರೆ ತೆರಿಗೆ ಕಟ್ಟಬೇಕಾ?" ಅಂದರು. ವೇದಿಕೆಯ ಮೇಲಿದ್ದವರು ವಾರಸು, ವಿನಾಯಿತಿ, ಷರತ್ತು ಅಂತ ಉದ್ದಕ್ಕೆ ವಿವರಿಸಿದರು. ಎಲ್ಲವೂ ಸರಿಯಾದ ಮಾತೇ. ಆ ತಾಯಿ ನಡುವೆಯೇ ಕೂತುಬಿಟ್ಟರು. ಕವರನ್ನು ಎದೆಗೆ ಒತ್ತಿಕೊಂಡಿದ್ದರು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಹೊರಟರು. ಅವರ ಪ್ರಶ್ನೆಗೆ ಉತ್ತರ "ಇಲ್ಲ" ಅನ್ನುವ ಒಂದೇ ಮಾತಾಗಿತ್ತು. ಸಭೆ ಮುಗಿದ ಮೇಲೆ ಅವರ ಪಕ್ಕ ಕೂತು ಅದನ್ನು ಹೇಳಿದೆ. "ಅಷ್ಟೇನಾ? ಅಲ್ಲೇ ಹೇಳಬಾರದಿತ್ತಾ?" ಅಂದರು. ಅವತ್ತಿನಿಂದ ನಾನು ಉತ್ತರವನ್ನು ಮೊದಲು, ಕಾರಣವನ್ನು ಆಮೇಲೆ ಹೇಳುತ್ತೇನೆ.

ಆ ಹೆದರಿಕೆಯನ್ನು ಸಣ್ಣದು ಅಂದುಕೊಳ್ಳಬೇಡಿ. ನ್ಯೂಜಿಲೆಂಡ್‌ನಲ್ಲಿ 2019ರ ಫೆಬ್ರುವರಿಯಲ್ಲಿ ತೆರಿಗೆ ತಜ್ಞರ ಸಮಿತಿಯ 11 ಜನರಲ್ಲಿ 8 ಜನ ವಿಶಾಲವಾದ ಬಂಡವಾಳ ಲಾಭ ತೆರಿಗೆ ಬೇಕು ಅಂದರು. ವಾಸದ ಮನೆಗೆ ವಿನಾಯಿತಿಯೂ ಇತ್ತು. ಏಪ್ರಿಲ್‌ನಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್ ಅದನ್ನು ಕೈಬಿಟ್ಟರು, ಜನರ ಒಪ್ಪಿಗೆ ಸಿಗಲಿಲ್ಲ ಅಂತ. ಅದೇ ವರ್ಷ ಆಸ್ಟ್ರೇಲಿಯಾದ ಲೇಬರ್ ಪಕ್ಷ ಅರ್ಧ ಮಾಫಿಯನ್ನು ಕಾಲು ಭಾಗಕ್ಕೆ ಇಳಿಸುವ ಮಾತಿನೊಂದಿಗೆ ಚುನಾವಣೆಗೆ ಹೋಗಿ ಸೋತಿತು. ಸೋಲಿಗೆ ಇದೊಂದೇ ಕಾರಣ ಅಲ್ಲ. ಆದರೆ ಆಗಲೇ ಹೂಡಿದ್ದವರಿಗೆ ಇದು ತಾಗುವುದಿಲ್ಲ ಅಂತ ಪ್ರಸ್ತಾವದಲ್ಲೇ ಇತ್ತು, ಆದರೂ ಸಹಾಯವಾಗಲಿಲ್ಲ. ಕೆನಡಾ 2024ರ ಬಜೆಟ್‌ನಲ್ಲಿ ತೆರಿಗೆಗೆ ಒಳಪಡುವ ಪಾಲನ್ನು ಅರ್ಧದಿಂದ ಮೂರನೇ ಎರಡಕ್ಕೆ ಏರಿಸುತ್ತೇವೆ ಅಂದು 2025ರ ಮಾರ್ಚ್‌ನಲ್ಲಿ ರದ್ದು ಮಾಡಿತು.

ಹಾಗಾಗಿ ನಿಮ್ಮ ಗುಂಪು ದಪ್ಪ ಪುಸ್ತಕ ಮಾಡಬೇಡಿ. ಒಂದೇ ಹಾಳೆ ಮಾಡಿ. ಮೇಲ್ಗಡೆ ಯಾರು ಕಟ್ಟುವುದಿಲ್ಲ ಅಂತ ಬರೆಯಿರಿ: ಇರುವ ಮನೆಯವರು, ಮಾರದವರು, ಹಣದುಬ್ಬರ ಕಳೆದರೆ ಲಾಭವೇ ಇಲ್ಲದವರು. ಅದರ ಕೆಳಗೆ ಯಾರು ಕಟ್ಟುತ್ತಾರೆ ಅನ್ನುವುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಎರಡನೇ ಮನೆ ಮಾರಿ ಲಾಭ ಮಾಡಿದ ನಿವೃತ್ತರೂ ಅದರಲ್ಲಿ ಇರುತ್ತಾರೆ. ಅವರನ್ನು ಮುಚ್ಚಿಡಬೇಡಿ. "ಶ್ರೀಮಂತರಿಗೆ ಮಾತ್ರ" ಅಂತ ಹೇಳಿದ ಮರುದಿನ ಅಂಥ ಒಬ್ಬರು ಎದ್ದು ನಿಂತರೆ ನಿಮ್ಮ ಉಳಿದ ಮಾತುಗಳೂ ಬಿದ್ದುಹೋಗುತ್ತವೆ. ಬದಲಿಗೆ ಮೇಲಿನ ಮೂವರ ಲೆಕ್ಕ ಇಡಿ, ಪಕ್ಕದಲ್ಲಿ ಅಷ್ಟೇ ಹಣವನ್ನು ಸಂಬಳವಾಗಿ ಗಳಿಸಿದವರು ಎಷ್ಟು ಕಟ್ಟುತ್ತಾರೆ ಅನ್ನುವ ಅಂಕಿ ಇಡಿ. ಅದರ ಕೆಳಗೆ ಏನನ್ನೂ ಬರೆಯಬೇಡಿ, ಜನ ತಾವೇ ಹೋಲಿಸಿ ನೋಡಲಿ.

ಯಾವುದಾದರೂ ಗುಂಪು ಬಂದು "ನಮಗೊಂದು ವಿನಾಯಿತಿ ಕೊಡಿ, ಬೆಂಬಲ ಕೊಡ್ತೀವಿ" ಅಂದಾಗ ಆಸೆಯಾಗುತ್ತದೆ. ಪ್ರತಿ ವಿನಾಯಿತಿಗೂ ಎರಡು ಖರ್ಚಿದೆ: ಉಳಿದವರಿಗೆ ದರ ಏರುತ್ತದೆ, ನನ್ನಂಥವರಿಗೆ ಕೆಲಸ ಜಾಸ್ತಿಯಾಗುತ್ತದೆ. ನಮ್ಮ ಫೀಸು ಕೊಡಬಲ್ಲವರಿಗೇ ವಿನಾಯಿತಿಯ ದಾರಿ ಚೆನ್ನಾಗಿ ಸಿಗುವುದು. ಇದು ಇಷ್ಟು ವರ್ಷ ಈ ಕಡೆ ಕೂತು ನಾನು ಕಂಡದ್ದು.

ಅಣ್ಣನ ಹತ್ತಿರ ಸಭೆಯ ಭಾಷಣ ಬೇಡ. ಆ ಹಾಳೆಯ ಕರಡನ್ನು ಮೊದಲು ಅವರಿಗೇ ಕೊಡಿ, ತಪ್ಪು ಹುಡುಕಲು ಹೇಳಿ. ಎರಡು ಮನೆ ಕೊಂಡು ಮಾರಿದವರಿಗೆ ಖರ್ಚಿನ ರಸೀದಿ ಎಲ್ಲಿ ಕಳೆದುಹೋಗುತ್ತದೆ, ಬೆಲೆ ಕಟ್ಟುವಾಗ ಎಲ್ಲಿ ಜಗಳವಾಗುತ್ತದೆ ಅನ್ನುವುದು ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಈಗಾಗಲೇ ಮಾರಿದ ಆ ಎರಡು ಮನೆಗಳಿಗೆ ಇದರಲ್ಲಿ ತೆರಿಗೆ ಇಲ್ಲ ಅನ್ನುವುದನ್ನು ಮಾತ್ರ ಮೊದಲ ಸಾಲಿನಲ್ಲೇ ಬರೆದಿಡಿ.